ಅಕ್ಕನ ಜ್ವರ

ನಮ್ಮ ಅಡಿಗೆಮನೆಯ ಬಾಗಿಲ ಪಕ್ಕದಲ್ಲಿ ಒಂದು ಮೊಳೆಯಿದೆ. ತಂದೆಯವರ ಕಾಲದಿಂದಲೂ ಅದರ ಮೇಲೆ ಒಂಟಿಕೊಪ್ಪಲ್ ಪಂಚಾಂಗ ತೂಗಾಡುತ್ತ ಬಂದಿದೆ. ಕಳೆದ ವರ್ಷದಿಂದ ಅದರ ಜೊತೆಗೆ ಇನ್ನೊಂದು ಪುಸ್ತಕವೂ ಸೇರಿಕೊಂಡಿದೆ. ಮಕ್ಕಳು ಲೆಕ್ಕ ಬರೆಯುವಂಥ ಒಂದು ಸಾಮಾನ್ಯ ನೋಟ್ ಪುಸ್ತಕ ಅದು. ಪಂಚಾಂಗದಲ್ಲಿ ಗ್ರಹಗಳ ಗತಿ; ನೋಟ್ ಪುಸ್ತಕದಲ್ಲಿ ನಮ್ಮ ಅಕ್ಕನ ಮೈಯ ಕಾವು. ಮೊದಲನೆಯದನ್ನು ರಚಿಸಿದವರು ವಿದ್ವಾಂಸರು. ಎರಡನೆಯದರ ಕರ್ತೃ ನಾನು. ಈ ಎರಡನೆಯ ಗ್ರಂಥ ಹೇಗೆ ಹುಟ್ಟಿತೆಂಬುದನ್ನು ಓದುಗರಿಗೆ ತಿಳಿಸಬೇಕೆಂದು ಕುಳಿತಿದ್ದೇನೆ. ಹೇಳಿಕೊಳ್ಳಲು ಹೆಮ್ಮೆಯ ಸಂಗತಿಯೇನೂ ಅಲ್ಲ. ಏಕೆಂದರೆ ಇದು ನನ್ನದೇ ಒಂದು ತಪ್ಪಿನ ಕಥೆ.

ಅಕ್ಕನಿಗೂ ನನಗೂ ಹದಿನೈದು ವರ್ಷಗಳ ಅಂತರ. ನಮ್ಮ ತಾಯಿ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅಂದಿನಿಂದ ನನಗೆ ಅನ್ನ ಕಲಸಿದವಳು, ಅಕ್ಷರ ತಿದ್ದಿಸಿದವಳು, ಜ್ವರ ಬಂದಾಗ ಸೊಂಟದ ಮೇಲೆ ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆ ಹೊತ್ತೊಯ್ದವಳು ಅವಳೇ. ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿ ಸೇರಿ, ಮದುವೆಯ ಮಾತನ್ನು ವರ್ಷದಿಂದ ವರ್ಷಕ್ಕೆ ಮುಂದೆ ಹಾಕುತ್ತ, ಕೊನೆಗೆ ಅದನ್ನು ಮರೆತೇಬಿಟ್ಟಳು. ನಾನು ಎಂ.ಎ. ಮುಗಿಸಿ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಾದ ದಿನ ಅವಳು ಬೀದಿಯ ಮನೆಮನೆಗೂ ಮೈಸೂರುಪಾಕು ಹಂಚಿದಳು. ಈಗಲೂ ಅವಳು ಸರಸ್ವತೀಪುರದ ನಮ್ಮ ಮನೆಯಲ್ಲಿಯೇ ಇದ್ದಾಳೆ. ಇದ್ದಾಳೆ ಎಂಬ ಮಾತನ್ನು ಬರೆಯುವಾಗ ನನ್ನ ಲೇಖನಿ ಒಂದು ಕ್ಷಣ ನಿಲ್ಲುತ್ತದೆ. ಆ ವರ್ತಮಾನಕಾಲ ನಮ್ಮ ಕೈತಪ್ಪಿ ಹೋಗುವುದರಲ್ಲಿದ್ದಿತು.

ಕಳೆದ ವರ್ಷದ ಬೇಸಿಗೆಯಲ್ಲಿ ಅವಳಿಗೆ ಸ್ತನದ ಕ್ಯಾನ್ಸರ್ ಇರುವುದು ಗೊತ್ತಾಯಿತು. ನಮ್ಮ ಹಳೆಯ ವೈದ್ಯಲೇಖಕರು ಈ ರೋಗವನ್ನು ‘ಏಡಿಗಂತಿ’ ಎಂದು ಕರೆದಿದ್ದಾರೆ. ಕ್ಯಾನ್ಸರ್ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಏಡಿಯೆಂದೇ ಅರ್ಥ. ಆ ಪದದ ಸೊಗಸನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೊಗಳಿದ್ದೆ. ಅದು ಮನೆಯೊಳಗೆ ಕಾಲಿಟ್ಟಾಗ ಸೊಗಸು ಮಾಯವಾಯಿತು. ಒಂದು ಕಾಲಕ್ಕೆ ಇಂಥ ರೋಗವೆಂದರೆ ಮೈಸೂರಿನವರು ಹಾಸಿಗೆ ಕಟ್ಟಿಕೊಂಡು, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬೇಕಾಗಿದ್ದಿತು. ಈಗ ನಮ್ಮ ಊರಿನಲ್ಲಿಯೇ ಚಿಕಿತ್ಸೆ ದೊರೆಯುತ್ತದೆ. ಬೆಳಿಗ್ಗೆ ತಿಂಡಿ ತಿಂದು ಹೋದವಳು ಸಂಜೆಯ ಕಾಫಿಗೆ ಮನೆ ಸೇರುತ್ತಿದ್ದಳು. ಮೂರು ವಾರಕ್ಕೊಮ್ಮೆ ಔಷಧ, ಒಟ್ಟು ಆರು ಸರದಿ ಎಂದು ವೈದ್ಯರು ಲೆಕ್ಕ ಹೇಳಿದ್ದರು.

ಕಿಮೋಥೆರಪಿಯ ಔಷಧಗಳು ಉಗ್ರವಾದವು. ಅವುಗಳಲ್ಲಿ ಕೆಲವು ಕೈಯ ಸಣ್ಣ ರಕ್ತನಾಳಗಳಲ್ಲಿ ಹರಿದರೆ ನಾಳವನ್ನೇ ಸುಡುತ್ತವೆ. ಹೊರಕ್ಕೆ ಒಸರಿದರೆ ಸುತ್ತಲಿನ ಮಾಂಸವನ್ನೂ ಬಿಡುವುದಿಲ್ಲ. ಮೊದಲನೆಯ ಸರದಿ ಮುಗಿಯುವ ವೇಳೆಗೆ ಅಕ್ಕನ ಎಡಗೈಯ ನಾಳಗಳು ಗಟ್ಟಿಯಾಗಿ ಕಪ್ಪಿಟ್ಟಿದ್ದವು. ಬಲಗಡೆ ಶಸ್ತ್ರಚಿಕಿತ್ಸೆ ಆಗಿದ್ದುದರಿಂದ ಆ ಕೈಗೆ ಸೂಜಿ ಚುಚ್ಚುವಂತಿರಲಿಲ್ಲ. ಆದುದರಿಂದ ಎಡ ಕೊರಳೆಲುಬಿನ ಕೆಳಗೆ, ಚರ್ಮದ ಒಳಗೆ, ನಮ್ಮ ಹಳೆಯ ಎಂಟಾಣೆಯಷ್ಟು ಅಗಲದ ಒಂದು ಡಬ್ಬಿಯನ್ನು ಹುದುಗಿಸಿದರು. ಅದಕ್ಕೆ ಪೋರ್ಟ್ ಎಂದು ಹೆಸರು. ಅದರಿಂದ ಹೊರಟ ತೆಳುವಾದ ಕೊಳವೆ, ಎಂದರೆ ಕ್ಯಾಥೆಟರ್, ದೊಡ್ಡ ರಕ್ತನಾಳದ ಒಳಗೆ ಸಾಗಿ ಹೃದಯದ ಬಾಗಿಲಿನವರೆಗೂ ಹೋಗುತ್ತದೆ. ಅಲ್ಲಿ ರಕ್ತದ ಪ್ರವಾಹ ಬಲವಾಗಿರುವುದರಿಂದ ಔಷಧ ಬಿದ್ದೊಡನೆ ತಿಳಿಯಾಗಿ ಮೈಯೆಲ್ಲ ಹರಡುತ್ತದೆ. ‘ಮನೆಗೆ ನಲ್ಲಿ ಹಾಕಿಸಿದ ಹಾಗೆ ನನಗೂ ಹಾಕಿಸಿದಿರಿ’ ಎಂದು ಅಕ್ಕ ನಕ್ಕಳು.

ಹೃದಯದವರೆಗೆ ಕೊಳವೆ ತೂರಿಸುವ ಸಾಹಸ ತೀರ ಹಳೆಯದೇನೂ ಅಲ್ಲ. 1929ರಲ್ಲಿ ವೆರ್ನರ್ ಫೋರ್ಸ್‌ಮನ್ ಎಂಬ ಜರ್ಮನ್ ತರುಣ ವೈದ್ಯ, ಹಿರಿಯರು ಬೇಡವೆಂದರೂ ಕೇಳದೆ, ತನ್ನ ತೋಳಿನ ನಾಳವನ್ನು ತಾನೇ ಕೊಯ್ದು 65 ಸೆಂಟಿಮೀಟರಿನಷ್ಟು ಕೊಳವೆಯನ್ನು ಒಳಕ್ಕೆ ನೂಕಿಕೊಂಡ. ಹಾಗೆಯೇ ನಡೆದು ಹೋಗಿ ಎಕ್ಸ್-ರೇ ತೆಗೆಸಿ, ತುದಿ ಹೃದಯ ಮುಟ್ಟಿರುವುದನ್ನು ತೋರಿಸಿದ. ಆಗ ಬೈಗುಳ ಲಭಿಸಿತು. 1956ರಲ್ಲಿ ಇನ್ನಿಬ್ಬರ ಜೊತೆಗೆ ನೊಬೆಲ್ ಬಹುಮಾನವೂ ಲಭಿಸಿತು. ಈ ಕಥೆಯನ್ನು ಓದಿ ಬಂದು ಅಕ್ಕನಿಗೆ ಹೇಳಿದಾಗ ಅವಳು, ‘ಅವನಿಗೂ ಒಬ್ಬ ಅಕ್ಕ ಇದ್ದಿದ್ರೆ ಹಾಗೆ ಮಾಡೋಕೆ ಬಿಡ್ತಿರ್ಲಿಲ್ಲ’ ಎಂದಳು.

ಆದರೆ ಔಷಧಕ್ಕೆ ತೆರೆದ ದಾರಿ ಔಷಧಕ್ಕೆ ಮಾತ್ರ ಮೀಸಲಾಗಿರುವುದಿಲ್ಲ. ನಮ್ಮ ಚರ್ಮದ ಮೇಲೆ ಸದಾ ವಾಸಿಸುವ ಸೂಕ್ಷ್ಮಜೀವಿಗಳು, ಸೂಜಿಯ ಜೊತೆಗೋ ಕೊಳವೆಯ ಮೂತಿಯಿಂದಲೋ ಒಳಗೆ ಹೊಕ್ಕು ಅಲ್ಲಿ ಮನೆ ಮಾಡಬಲ್ಲವು. ಕಲ್ಯಾಣಿಯ ಮೆಟ್ಟಿಲಿಗೆ ಪಾಚಿ ಹಿಡಿಯುವಂತೆ ಅವು ಕೊಳವೆಯ ಒಳಗೋಡೆಗೆ ಲೋಳೆಯ ಪೊರೆಯನ್ನು ಕಟ್ಟಿಕೊಂಡು ಅದರ ಮರೆಯಲ್ಲಿ ಕುಳಿತುಬಿಡುತ್ತವೆ. ಆರೋಗ್ಯವಂತರಲ್ಲಾದರೆ ಬಿಳಿಯ ರಕ್ತಕಣಗಳು ಅವುಗಳ ಮೇಲೆ ಬೀಳುತ್ತವೆ. ಕಿಮೋಥೆರಪಿಯಾದ ಏಳನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಈ ಕಾವಲುಗಾರರ ಸಂಖ್ಯೆ ಬಹಳ ಇಳಿದುಹೋಗುವುದು ಸಾಮಾನ್ಯ. ಆಗ ಸೋಂಕು ತಗಲಿದರೂ ಕೆಂಪಾಗದು, ಊದದು, ಕೀವು ಕಟ್ಟದು; ಏಕೆಂದರೆ ಕೀವಾಗುವುದಕ್ಕೂ ಬಿಳಿಯ ಕಣಗಳೇ ಬೇಕು. ಅನೇಕ ವೇಳೆ ಜ್ವರವೊಂದೇ ಗುರುತು. ಇದನ್ನೆಲ್ಲ ಆಸ್ಪತ್ರೆಯವರು ಒಂದು ಹಾಳೆಯಲ್ಲಿ ಅಚ್ಚುಹಾಕಿಸಿ ಕೊಟ್ಟಿದ್ದರು. ಜ್ವರ 100.4 ಡಿಗ್ರಿ ತಲುಪಿದರೆ ಕಾಯಬೇಡಿ, ಹೊತ್ತು ನೋಡಬೇಡಿ, ಕೂಡಲೆ ಬನ್ನಿ ಎಂಬುದು ಅದರ ಸಾರ. ನಾನು ಆ ಹಾಳೆಯನ್ನು ವಿಮೆಯ ಕಾಗದಗಳ ಜೊತೆಗೆ ಬಹು ಜೋಪಾನವಾಗಿ ಇರಿಸಿದೆ. ಎಷ್ಟು ಜೋಪಾನವೆಂದರೆ, ಓದುವುದಕ್ಕೂ ಅದನ್ನು ಹೊರತೆಗೆಯಲಿಲ್ಲ.

ಮೂರನೆಯ ಸರದಿ ಮುಗಿದು ಹತ್ತನೆಯ ದಿನ. ನವರಾತ್ರಿ ನಡೆಯುತ್ತಿದ್ದಿತು. ಮನೆಯಲ್ಲಿ ಗೊಂಬೆ ಕೂರಿಸಿದ್ದೆವು. ಮಧ್ಯಾಹ್ನ ಅಕ್ಕನನ್ನು ರಕ್ತಪರೀಕ್ಷೆಗೆ ಕರೆದೊಯ್ದೆ. ಪೋರ್ಟಿಗೆ ಸೂಜಿ ಚುಚ್ಚಿ ರಕ್ತ ತೆಗೆದು, ಕೊಳವೆಯನ್ನು ಲವಣಜಲದಿಂದ ತೊಳೆದು ಕಳುಹಿಸಿದರು. ನಾಲ್ಕೂವರೆಗೆ ಮನೆ ಸೇರಿದೆವು. ಐದು ಗಂಟೆಯ ಹೊತ್ತಿಗೆ ಅಕ್ಕ ಗಡಗಡನೆ ನಡುಗತೊಡಗಿದಳು. ಎರಡು ಕಂಬಳಿ ಹೊದೆಸಿದರೂ ಹಲ್ಲು ಕಟಕಟಿಸುತ್ತಿದ್ದವು.

‘ಕೊಳವೆ ತೊಳೆದ್ಮೇಲೆ ಚಳಿ ಹಿಡೀತು ಕಣೋ’ ಎಂದಳು ಅಕ್ಕ.

‘ಕೊಳವೆಗೂ ಚಳಿಗೂ ಏನು ಸಂಬಂಧ? ಬರುವಾಗ ತುಂತುರು ಹನೀತಿತ್ತಲ್ಲ, ಅದಕ್ಕೇ’ ಎಂದೆ ನಾನು.

‘ಹೋದ ಸಲ ತೊಳೆದಾಗಲೂ ಸ್ವಲ್ಪ ನಡುಕ ಬಂದಿತ್ತು. ನಾನು ಹೇಳ್ಲಿಲ್ಲ ಅಷ್ಟೆ.’

ಈ ಮಾತನ್ನು ನಾನು ಕೇಳಿದೆ, ಆದರೆ ಕಿವಿಗೊಡಲಿಲ್ಲ. ಒಂದು ಜ್ವರದ ಮಾತ್ರೆ ಕೊಟ್ಟೆ. ನನ್ನ ಹೆಂಡತಿ ಮೆಣಸಿನ ಕಷಾಯ ಮಾಡಿಕೊಟ್ಟಳು. ಆರೂವರೆಗೆ ಮೈ ಬೆವರಿ ಜ್ವರ ಇಳಿಯಿತು. ನಾನು ಗೆದ್ದವನಂತೆ ಗೊಂಬೆ ನೋಡಲು ಬಂದವರ ಜೊತೆಗೆ ಹರಟೆಗೆ ಕುಳಿತೆ. ರಾತ್ರಿ ಹತ್ತು ಗಂಟೆಗೆ ಅಕ್ಕನ ಕೋಣೆಗೆ ಹೋಗಿ ಹಣೆ ಮುಟ್ಟಿದೆ. ಕಾದ ಕಾವಲಿಯಂತೆ ಸುಡುತ್ತಿದ್ದಿತು. ಥರ್ಮಾಮೀಟರು 102 ತೋರಿಸಿತು. ಅವಳು ನನ್ನನ್ನು ನಮ್ಮ ತಂದೆಯ ಹೆಸರಿನಿಂದ ಕರೆದಳು. ನನಗೆ ಆಗ ಭಯವಾಯಿತು.

ದಸರೆಯ ದೀಪ ನೋಡಲು ಬಂದ ಜನ ಬೀದಿ ಬೀದಿಗಳಲ್ಲಿ ತುಂಬಿದ್ದರು. ಎರಡು ಮೈಲಿಯ ದಾರಿಗೆ ಆಟೋರಿಕ್ಷಾ ಮುಕ್ಕಾಲು ಗಂಟೆ ತೆಗೆದುಕೊಂಡಿತು. ಪ್ರತಿ ವೃತ್ತದಲ್ಲಿಯೂ ದೀಪದ ತೋರಣ. ಮಕ್ಕಳ ಕೈಯಲ್ಲಿ ಪೀಪಿ. ಆ ಬೆಳಕಿನಲ್ಲಿ ಅಕ್ಕನ ಮುಖ ಒಮ್ಮೆ ಕೆಂಪಾಗಿ, ಒಮ್ಮೆ ಹಸುರಾಗಿ ಕಾಣುತ್ತಿದ್ದಿತು. ಹುಟ್ಟಿ ಬೆಳೆದ ಊರಿನ ದೀಪಗಳನ್ನು ನಾನು ಶಪಿಸಿದ್ದು ಅದೊಂದೇ ರಾತ್ರಿ.

ತುರ್ತುಚಿಕಿತ್ಸೆಯ ವಿಭಾಗದಲ್ಲಿದ್ದ ವೈದ್ಯೆ ನನ್ನ ವಿದ್ಯಾರ್ಥಿನಿಯರ ವಯಸ್ಸಿನವರು. ‘ಚಳಿ ಯಾವಾಗ ಬಂತು ಸರ್?’ ಎಂದು ಕೇಳಿದರು. ಐದು ಗಂಟೆಗೆ ಎಂದೆ. ಅವರು ಗೋಡೆಯ ಗಡಿಯಾರವನ್ನು ನೋಡಿದರು, ಹನ್ನೊಂದು ಗಂಟೆ. ‘ಜ್ವರದ ಮಾತ್ರೆ ಕೊಟ್ರಾ?’ ಎಂದರು. ಕೊಟ್ಟೆ ಎಂದೆ. ಅವರು ಗದರಲಿಲ್ಲ, ಗದರಿದ್ದರೆ ಚೆನ್ನಾಗಿರುತ್ತಿದ್ದಿತು. ‘ಮಾತ್ರೆ ಜ್ವರವನ್ನು ಮುಚ್ಚುತ್ತೆ ಸರ್, ಸೋಂಕನ್ನಲ್ಲ. ಇವರಂಥವರಿಗೆ ಬಂದ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ಶುರುವಾಗಬೇಕು. ನೀವು ಮನೆಯಲ್ಲೇ ಆರು ಗಂಟೆ ಕಳೆದುಬಿಟ್ರಿ’ ಎಂದಷ್ಟೇ ಹೇಳಿ ಕೆಲಸಕ್ಕೆ ತೊಡಗಿದರು.

ಮೊದಲು ರಕ್ತ ತೆಗೆದರು. ಒಂದು ಸಲ ತೋಳಿನಿಂದ, ಇನ್ನೊಂದು ಸಲ ಪೋರ್ಟಿನಿಂದ. ಒಂದೇ ಸಮಯಕ್ಕೆ, ಒಂದೇ ಅಳತೆಯಷ್ಟು. ಎರಡನ್ನೂ ಬೇರೆಬೇರೆ ಸೀಸೆಗಳಿಗೆ ತುಂಬಿ, ಎಲ್ಲಿಂದ ತೆಗೆದದ್ದೆಂದು ಬರೆದು, ವೇಳೆಯನ್ನೂ ನಮೂದಿಸಿದರು: ರಾತ್ರಿ 11-20. ಅನಂತರ ಆ್ಯಂಟಿಬಯೋಟಿಕ್ ಹರಿಯಲು ಬಿಟ್ಟರು. ಇನ್ನೂ ಎರಡು ಸಣ್ಣ ನಳಿಗೆಗಳಲ್ಲಿ ರಕ್ತ ಕೆಳಗಿನ ಪ್ರಯೋಗಾಲಯಕ್ಕೆ ಹೋಯಿತು. ಒಂದೂವರೆ ಗಂಟೆಯಲ್ಲಿ ಅವುಗಳ ಫಲ ಬಂದಿತು. ಬಿಳಿಯ ಕಣಗಳಲ್ಲಿ ಮುಖ್ಯವಾದ ನ್ಯೂಟ್ರೋಫಿಲ್ ಮೈಕ್ರೋಲೀಟರಿಗೆ 300. ಅದು 500ಕ್ಕಿಂತ ಕೆಳಗಿಳಿದರೆ ಅಪಾಯ. ಸಿ-ರಿಯಾಕ್ಟಿವ್ ಪ್ರೋಟೀನ್, ಎಂದರೆ ಸಿ.ಆರ್.ಪಿ., ಲೀಟರಿಗೆ 96 ಮಿಲಿಗ್ರಾಂ. ಆರೋಗ್ಯವಂತರಲ್ಲಿ ಅದು ಹತ್ತನ್ನು ದಾಟುವುದು ಅಪರೂಪ. ಪ್ರೋಕ್ಯಾಲ್ಸಿಟೋನಿನ್ ಎಂಬುದು ಮಿಲಿಲೀಟರಿಗೆ 0.3 ನ್ಯಾನೊಗ್ರಾಂ.

ಹೊರಗಿನ ಬೆಂಚಿನ ಮೇಲೆ ಕುಳಿತು ನಾನು ಮೊಬೈಲಿನಲ್ಲಿ ಈ ಹೆಸರುಗಳ ಚರಿತ್ರೆಯನ್ನು ಹುಡುಕಿದೆ. ಸಿ.ಆರ್.ಪಿ.ಯನ್ನು 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬುವರು ಕಂಡುಹಿಡಿದರು. ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಆ ರೋಗಾಣುವಿನ ಮೈಯ ‘ಸಿ’ ಎಂಬ ಅಂಶಕ್ಕೆ ಅಂಟಿಕೊಳ್ಳುವ ವಸ್ತುವೊಂದು ಕಾಣಿಸಿತು. ಅದರಿಂದ ಆ ಹೆಸರು. ಅದು ಪಿತ್ತಜನಕಾಂಗದಲ್ಲಿ ತಯಾರಾಗುತ್ತದೆ. ಪ್ರೋಕ್ಯಾಲ್ಸಿಟೋನಿನ್ ಇನ್ನೂ ಹೊಸಬ. ಅದು ಥೈರಾಯ್ಡ್ ಗ್ರಂಥಿಯಲ್ಲಿ ಹುಟ್ಟುವ ಒಂದು ಹಾರ್ಮೋನಿನ ಪೂರ್ವರೂಪ. ಆರೋಗ್ಯದಲ್ಲಿ ರಕ್ತಕ್ಕೆ ಅತ್ಯಲ್ಪವಾಗಿ ಬರುತ್ತದೆ. ಬ್ಯಾಕ್ಟೀರಿಯಾ ದಾಳಿ ಮಾಡಿದಾಗ ಮಾತ್ರ ದೇಹದ ಬೇರೆ ಬೇರೆ ಅಂಗಾಂಶಗಳೂ ಅದನ್ನು ಸುರಿಸತೊಡಗುತ್ತವೆ. ಇದನ್ನು ಫ್ರಾನ್ಸಿನ ವೈದ್ಯರು 1993ರಲ್ಲಿ ಪ್ರಕಟಿಸಿದರು. 0.5ಕ್ಕಿಂತ ಕಡಿಮೆಯಿದ್ದರೆ ಉಗ್ರ ಸೋಂಕಿನ ಸಂಭವ ಕಡಿಮೆ ಎಂದು ಒಂದೆಡೆ ಓದಿದೆ. ನನ್ನ ಎದೆಯ ಭಾರ ಇಳಿಯಿತು. ಅಕ್ಕನದು 0.3! ಹಾಗಾದರೆ ಏನೂ ಇಲ್ಲ. ನನ್ನ ತುಂತುರು ಮಳೆಯ ಸಿದ್ಧಾಂತವೇ ಸರಿ ಎಂದುಕೊಂಡೆ. ಅಪರಾಧಿಗೆ ಬಿಡುಗಡೆಯ ಆಜ್ಞೆ ಬಂದಷ್ಟು ಸಂತೋಷವಾಯಿತು.

ಬೆಳಿಗ್ಗೆ ಹಿರಿಯ ವೈದ್ಯರು ಬಂದಾಗ ಈ ಆಜ್ಞೆಯನ್ನು ಅವರ ಮುಂದಿಟ್ಟೆ. ಅವರು ನಗುತ್ತ ಪಕ್ಕದ ಕುರ್ಚಿಯಲ್ಲಿ ಕುಳಿತರು.

‘ಮೇಷ್ಟ್ರೇ, ಒಂದು ಪದ್ಯದ ಒಂದೇ ಸಾಲು ಓದಿ ಕವಿಯ ಅಭಿಪ್ರಾಯ ಹೇಳೋ ಹುಡುಗನಿಗೆ ನೀವು ಎಷ್ಟು ಅಂಕ ಕೊಡ್ತೀರಿ?’

‘ಸೊನ್ನೆ’ ಎಂದೆ.

‘ನಿಮಗೂ ಅಷ್ಟೇ’ ಎಂದರು.

ಅನಂತರ ವಿವರಿಸಿದರು. ಪ್ರೋಕ್ಯಾಲ್ಸಿಟೋನಿನ್ ಏರಲು ಆರಂಭಿಸುವುದಕ್ಕೇ ನಾಲ್ಕಾರು ಗಂಟೆ ಬೇಕು; ಶಿಖರ ಮುಟ್ಟಲು ಅರ್ಧ ದಿನದಿಂದ ಒಂದು ದಿನ ಹಿಡಿಯುತ್ತದೆ. ಆ 0.3 ಏರುವ ದಾರಿಯ ಮೊದಲ ಮೆಟ್ಟಿಲಿರಬಹುದು. ಅದಲ್ಲದೆ, ಕೊಳವೆಗಳಲ್ಲಿ ಹೆಚ್ಚಾಗಿ ಮನೆ ಮಾಡುವ ಚರ್ಮದ ಸ್ಟ್ಯಾಫಿಲೊಕಾಕಸ್ ಜಾತಿಯ ಜೀವಿಗಳು ಸಾಧು ಸ್ವಭಾವದವು. ಅವು ರಕ್ತಕ್ಕೆ ಇಳಿದಾಗಲೂ ಈ ಸೂಚಕ ಅನೇಕ ವೇಳೆ ಹೆಚ್ಚು ಏರುವುದಿಲ್ಲ. ಕರುಳಿನಿಂದ ಬರುವ ಉಗ್ರಜೀವಿಗಳಾದರೆ ಬೇಗನೆ ಏರುತ್ತದೆ. ಆದುದರಿಂದ ಅಂಕಿ ದೊಡ್ಡದಾಗಿದ್ದರೆ ಹೆದರಬೇಕು ನಿಜ. ಚಿಕ್ಕದಾಗಿದ್ದರೆ ನಿದ್ದೆ ಮಾಡಬಹುದೆಂದು ಅರ್ಥವಲ್ಲ. ಸಿ.ಆರ್.ಪಿ.ಯ ಕಷ್ಟ ಇನ್ನೊಂದು ಬಗೆಯದು. ಕ್ಯಾನ್ಸರೇ ಅದನ್ನು ಏರಿಸಬಹುದು, ಶಸ್ತ್ರಚಿಕಿತ್ಸೆ ಏರಿಸಬಹುದು, ಬಾಯಿಹುಣ್ಣೂ ಏರಿಸಬಹುದು. ಇಂಟರ್‌ಲ್ಯೂಕಿನ್-6 ಮೊದಲಾದ ಇನ್ನೂ ಕೆಲವು ಸೂಚಕಗಳನ್ನು ಸಂಶೋಧಕರು ಪರೀಕ್ಷಿಸಿದ್ದಾರೆ. ಅವುಗಳಿಗೂ ಇದೇ ಮಿತಿ.

‘ಇವೆಲ್ಲ ದೂರದಿಂದ ಕಾಣೋ ಹೊಗೆ ಮೇಷ್ಟ್ರೇ. ಊರಲ್ಲಿ ಬೆಂಕಿ ಬಿದ್ದಿದೆ ಅಂತ ಹೇಳುತ್ತೆ. ಯಾರ ಮನೆಗೆ ಬಿದ್ದಿದೆ ಅಂತ ಹೇಳಲ್ಲ. ನಮಗೆ ಬೇಕಾದ್ದು ಅದೇ. ಸೋಂಕು ಕೊಳವೆಯಲ್ಲೇ ಇದ್ದರೆ ಕೊಳವೆ ತೆಗೀಬೇಕಾಗಬಹುದು. ಬೇರೆ ಕಡೆ ಇದ್ದರೆ, ತೆಗೆದದ್ದು ದಂಡ.’

ದಂಡ ಎಂಬ ಮಾತಿನ ಅರ್ಥ ನನಗೆ ಚೆನ್ನಾಗಿ ಆಯಿತು. ಅಕ್ಕನ ತೋಳಿನಲ್ಲಿ ನಾಳಗಳು ಉಳಿದಿರಲಿಲ್ಲ. ಪೋರ್ಟನ್ನು ತೆಗೆದರೆ ಗಾಯ ಮಾಯುವವರೆಗೆ ಚಿಕಿತ್ಸೆ ನಿಲ್ಲುತ್ತದೆ. ಮತ್ತೆ ಹೊಸತನ್ನು ಹುದುಗಿಸಬೇಕು. ತೆಗೆಯದೆ ಬಿಟ್ಟರೆ, ಬೆಂಕಿ ಅಲ್ಲಿಯೇ ಇದ್ದ ಪಕ್ಷದಲ್ಲಿ, ನ್ಯೂಟ್ರೋಫಿಲ್ ಮುನ್ನೂರು ಇರುವ ಮೈ ಎಷ್ಟು ದಿನ ತಾಳೀತು? ‘ಯಾವುದೆಂದು ತಿಳಿಯುವುದು ಹೇಗೆ?’ ಎಂದು ಕೇಳಿದೆ. ‘ಎರಡು ಸೀಸೆ ಇಟ್ಟಿದ್ದೇವಲ್ಲ. ಯಾವುದು ಮೊದಲು ಕೂಗುತ್ತೋ ನೋಡೋಣ’ ಎಂದರು.

ಆ ಎರಡು ಸೀಸೆಗಳ ಮರ್ಮ ನನಗೆ ಸುಲಭವಾಗಿ ತಿಳಿಯಿತು. ಅದು ನನ್ನ ವೃತ್ತಿಗೆ ಹತ್ತಿರದ್ದು. ನಮ್ಮ ಊರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲಿ ಸ್ಥಾಪಿತವಾದದ್ದು. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಯನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದ್ದು ಅಲ್ಲಿಂದಲೇ. ವಿದ್ಯಾರ್ಥಿಯಾಗಿದ್ದಾಗ ನಾನು ಅಲ್ಲಿ ಹಳೆಯ ಪ್ರತಿಗಳನ್ನು ನೋಡಲು ಹೋಗುತ್ತಿದ್ದೆ. ಗ್ರಂಥಸಂಪಾದಕನ ಮೊದಲ ಪಾಠವೆಂದರೆ ಒಂದೇ ಪ್ರತಿಯನ್ನು ನಂಬಬಾರದೆಂಬುದು. ಒಂದರಲ್ಲಿ ಮಾತ್ರ ಕಂಡದ್ದು ಲಿಪಿಕಾರನ ಕೈತಪ್ಪಿರಬಹುದು. ಎರಡರಲ್ಲಿಯೂ ಕಂಡರೆ ನಂಬಬಹುದು. ಆಮೇಲೆ ಮೂಲಕ್ಕೆ ಹತ್ತಿರದ್ದು ಯಾವುದೆಂದು ವಿಚಾರಿಸಬಹುದು. ರಕ್ತದ ಸೀಸೆಗಳೂ ಹೀಗೆಯೇ. ಒಂದರಲ್ಲಿ ಮಾತ್ರ ಚರ್ಮದ ಜೀವಿ ಬೆಳೆದರೆ, ಸೂಜಿ ಚುಚ್ಚುವಾಗ ಹೊರಗಿನಿಂದ ಸೇರಿದ್ದೆಂಬ ಸಂದೇಹ ಉಳಿಯುತ್ತದೆ. ಎರಡರಲ್ಲಿಯೂ ಒಂದೇ ಜೀವಿ ಬೆಳೆದರೆ ಅದು ನಿಜವಾಗಿ ರಕ್ತದಲ್ಲಿದೆ.

ಮೂಲವನ್ನು ನಿರ್ಣಯಿಸುವುದು ಗಡಿಯಾರ. ಸೀಸೆಗಳನ್ನು ಮೈಯ ಶಾಖದಷ್ಟೇ ಶಾಖವಿರುವ ಯಂತ್ರದಲ್ಲಿಡುತ್ತಾರೆ. ಜೀವಿಗಳು ಬೆಳೆದು ಇಂಗಾಲದ ಡೈಆಕ್ಸೈಡನ್ನು ಬಿಟ್ಟಾಗ ಯಂತ್ರ ಅದನ್ನು ಗುರುತಿಸಿ ಸದ್ದು ಮಾಡುತ್ತದೆ. ಜೀವಿಗಳು ಹೆಚ್ಚಿದ್ದ ಸೀಸೆ ಬೇಗ ಕೂಗುತ್ತದೆ. ಕೊಳವೆಯ ರಕ್ತದ ಸೀಸೆ ತೋಳಿನದಕ್ಕಿಂತ ಎರಡು ಗಂಟೆಯೋ ಅದಕ್ಕೂ ಹೆಚ್ಚೋ ಮೊದಲು ಕೂಗಿದರೆ ಕೊಳವೆಯೇ ಸೋಂಕಿನ ತವರು ಎಂದು ತಿಳಿಯುತ್ತಾರೆ. ಇದನ್ನು ಪ್ಯಾರಿಸಿನ ಬಳಿಯ ಗುಸ್ತಾವ್ ರೂಸ್ಸಿ ಎಂಬ ಕ್ಯಾನ್ಸರ್ ಸಂಸ್ಥೆಯ ವೈದ್ಯರು 1999ರಲ್ಲಿ ವಿಸ್ತಾರವಾಗಿ ಪ್ರಕಟಿಸಿದರು. ಎಷ್ಟು ಸರಳವಾದ ಉಪಾಯ! ಆದರೆ ಆ್ಯಂಟಿಬಯೋಟಿಕ್ ಕೊಡುವ ಮೊದಲೇ, ಎರಡೂ ಕಡೆಯಿಂದ, ಒಂದೇ ವೇಳೆಗೆ ರಕ್ತ ತೆಗೆಯದಿದ್ದರೆ ಇದು ನಿಷ್ಪ್ರಯೋಜಕ. ರಾತ್ರಿ ಹನ್ನೊಂದು ಗಂಟೆಗೆ, ಜನಸಂದಣಿಯ ನಡುವೆ, ಅಷ್ಟನ್ನೂ ಮರೆಯದೆ ಮಾಡಿದ್ದರು ಆ ಚಿಕ್ಕ ವಯಸ್ಸಿನ ವೈದ್ಯೆ.

ಆ ದಿನ ನಾನು ಗಡಿಯಾರವನ್ನು ನೋಡಿದಷ್ಟು ಪರೀಕ್ಷೆಯ ಮೇಲ್ವಿಚಾರಣೆಯಲ್ಲಿಯೂ ನೋಡಿದವನಲ್ಲ. ಬೆಳಗಿನ ಪ್ರೋಕ್ಯಾಲ್ಸಿಟೋನಿನ್ 1.1ಕ್ಕೆ ಏರಿದ್ದಿತು; ನನ್ನ ಬಿಡುಗಡೆಯ ಆಜ್ಞೆ ರದ್ದಾಯಿತು. ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಕೊಳವೆಯ ಸೀಸೆ ಕೂಗಿತೆಂದು ತಿಳಿಯಿತು. ತೋಳಿನ ಸೀಸೆ ಸುಮ್ಮನಿದ್ದಿತು. ಮೂರೂವರೆಯಾಯಿತು, ನಾಲ್ಕೂವರೆಯಾಯಿತು. ಕಿಟಕಿಯಾಚೆ ಚಾಮುಂಡಿ ಬೆಟ್ಟದ ಮೇಲೆ ದೀಪಗಳು ಹೊತ್ತಿಕೊಳ್ಳುವ ವೇಳೆಗೆ, ಆರು ಗಂಟೆಗೆ, ಎರಡನೆಯದೂ ಕೂಗಿತು. ಅಂತರ ನಾಲ್ಕೂವರೆ ಗಂಟೆ. ಎರಡರಲ್ಲಿಯೂ ಅದೇ ಸಾಧು ಸ್ವಭಾವದ ಸ್ಟ್ಯಾಫಿಲೊಕಾಕಸ್. ಬೆಂಕಿ ಬಿದ್ದದ್ದು ಕೊಳವೆಯ ಮನೆಗೇ.

‘ಚಳಿ ಯಾವಾಗ ಬಂತು ಅಂದ್ರಿ?’ ಎಂದು ಹಿರಿಯ ವೈದ್ಯರು ಅಕ್ಕನನ್ನು ಕೇಳಿದರು.

‘ಕೊಳವೆ ತೊಳೆದ್ಮೇಲೆ. ಹೋದ ಸಲವೂ ಸ್ವಲ್ಪ ಹಾಗೇ ಆಗಿತ್ತು’ ಎಂದಳು ಅಕ್ಕ.

ಅವರು ನನ್ನ ಕಡೆಗೆ ತಿರುಗಿ, ‘ನೋಡಿ ಮೇಷ್ಟ್ರೇ. ಕೊಳವೆಗೆ ನೀರು ಹಾಯಿಸಿದಾಗ ಒಳಗಿದ್ದ ಜೀವಿಗಳು ಒಟ್ಟಿಗೆ ರಕ್ತಕ್ಕೆ ಇಳಿಯುತ್ತವೆ. ಆಗ ಚಳಿ ಬರುತ್ತೆ. ಈ ಒಂದು ಮಾತು ಕೇಳಿದರೆ ಕೊಳವೆಯ ಮೇಲೆ ಅರ್ಧ ಅನುಮಾನ ಬಂದುಬಿಡುತ್ತೆ. ಸೀಸೆಗಳು ಇವತ್ತು ಸಂಜೆ ಹೇಳಿದ್ದನ್ನು ಇವರು ನಿನ್ನೆ ಸಂಜೆಯೇ ಹೇಳಿದ್ದರು’ ಎಂದರು. ನಾನು ನೆಲ ನೋಡಿದೆ.

ಜೀವಿ ಇನ್ನೂ ದುಷ್ಟವಾಗಿದ್ದರೆ, ಸ್ಟ್ಯಾಫಿಲೊಕಾಕಸ್ ಆರಿಯಸ್ ಆಗಲಿ ಕ್ಯಾಂಡಿಡ ಎಂಬ ಬೂಷ್ಟಾಗಲಿ ಆಗಿದ್ದರೆ, ಪೋರ್ಟನ್ನು ತೆಗೆಯದೆ ವಿಧಿಯಿರಲಿಲ್ಲವಂತೆ. ಇದಕ್ಕಾದರೆ ಉಳಿಸಿಕೊಳ್ಳುವ ಪ್ರಯತ್ನ ಮಾಡಬಹುದೆಂದರು. ರಕ್ತಕ್ಕೆ ಔಷಧ ಕೊಡುವುದರ ಜೊತೆಗೆ, ಗಾಢವಾದ ಆ್ಯಂಟಿಬಯೋಟಿಕ್ ದ್ರವವನ್ನು ಕೊಳವೆಯೊಳಗೆ ತುಂಬಿ ಗಂಟೆಗಟ್ಟಲೆ ಅಲ್ಲಿಯೇ ನಿಲ್ಲಿಸುತ್ತಾರೆ. ಬಾಗಿಲು ಮುಚ್ಚಿ ಧೂಪ ಹಾಕಿದಂತೆ. ಇದು ಹದಿನಾಲ್ಕು ದಿನ ನಡೆಯಿತು. ಮೊದಲ ಮೂರು ದಿನ ನಾನು ಮನೆಗೆ ಹೋಗಲಿಲ್ಲ. ಈ ದಿನಗಳಲ್ಲಿಯೇ ನನಗೆ ರಕ್ತದ ಅಂಕಿಗಳ ನಿಜವಾದ ಬೆಲೆ ತಿಳಿದದ್ದು. ಒಂದೊಂದಾಗಿ ಮೂಕವಾಗಿದ್ದ ಅವು ಸಾಲಾಗಿ ನಿಂತಾಗ ಮಾತನಾಡಿದವು. ಪ್ರೋಕ್ಯಾಲ್ಸಿಟೋನಿನ್ ಒಂದು ದಿನಕ್ಕೆ ಸುಮಾರು ಅರ್ಧದಷ್ಟು ಇಳಿಯುವ ವಸ್ತು. 1.1 ಇದ್ದದ್ದು ಮರುದಿನ 0.6, ಅದರ ಮರುದಿನ 0.3. ಸಿ.ಆರ್.ಪಿ. ಮಾತ್ರ ನಿಧಾನದ ಪ್ರಾಣಿ. 96ರಿಂದ 140ಕ್ಕೆ ಏರಿ, ಒಂದು ದಿನ ಹಿಂದೆ ಬಿದ್ದು, ಆಮೇಲೆ ಇಳಿಯತೊಡಗಿತು. ಜ್ವರ ಬಿಟ್ಟಿತು. ಮತ್ತೆ ತೆಗೆದ ರಕ್ತದ ಸೀಸೆಗಳು ಕೂಗಲಿಲ್ಲ. ಮೊದಲ ರಾತ್ರಿಯ 0.3ಕ್ಕೂ ಈ 0.3ಕ್ಕೂ ಅಂಕಿಯಲ್ಲಿ ಭೇದವಿಲ್ಲ. ಒಂದು ಏರುವ ದಾರಿಯದು, ಇನ್ನೊಂದು ಇಳಿಯುವ ದಾರಿಯದು. ಮಧ್ಯದಲ್ಲಿ ನನ್ನ ಅಕ್ಕನ ಜೀವ ಇದ್ದಿತು.

ಆ ರಾತ್ರಿಗಳಲ್ಲಿ ನಿದ್ದೆ ಬಾರದೆ ನಾನು ‘ಸೋಂಕು’ ಎಂಬ ಪದವನ್ನು ಕುರಿತು ಯೋಚಿಸುತ್ತಿದ್ದೆ. ಇದು ಅಚ್ಚಗನ್ನಡದ ಮಾತು. ಮುಟ್ಟು, ತಾಗು ಎಂದು ಮೂಲಾರ್ಥ. ಹತ್ತನೆಯ ಶತಮಾನದ ಪಂಪ, ಬನವಾಸಿಯನ್ನು ನೆನೆಯುವ ಪ್ರಸಿದ್ಧ ಪದ್ಯದಲ್ಲಿ, ತೆಂಕಣ ಗಾಳಿ ಮೈಗೆ ತಾಗುವುದನ್ನು ಹೇಳಲು ಇದೇ ಕ್ರಿಯಾಪದವನ್ನು ಬಳಸಿದ್ದಾನೆ. ಅಲ್ಲಿ ಅದು ಸುಖದ ಸ್ಪರ್ಶ. ಸಾವಿರ ವರ್ಷಗಳಲ್ಲಿ ಅದೇ ಮಾತು ರೋಗದ ಸ್ಪರ್ಶವಾಗಿದೆ. ಮುಟ್ಟುವುದೆಂದರೆ ಎರಡೂ ಹೌದಷ್ಟೆ. ಕೊಳವೆಯನ್ನು ಮುಟ್ಟುವ ಮೊದಲು ಅಲ್ಲಿನ ಸಿಸ್ಟರ್ ಎಷ್ಟು ಹೊತ್ತು ಕೈ ತೊಳೆಯುತ್ತಿದ್ದರು, ಮೂತಿಯನ್ನು ಸ್ಪಿರಿಟಿನಿಂದ ಎಷ್ಟು ಎಣಿಸಿ ಉಜ್ಜುತ್ತಿದ್ದರು ಎಂಬುದನ್ನು ನೋಡಿದೆ. ಅಷ್ಟಾದರೂ ಒಮ್ಮೊಮ್ಮೆ ಸೋಂಕು ಹೊಗುತ್ತದೆ. ಅದು ಯಾವ ದಿನ, ಯಾರ ಕೈಯಿಂದ ಹೊಕ್ಕಿತೆಂದು ಹುಡುಕುವುದರಲ್ಲಿ ಫಲವಿಲ್ಲವೆಂದು ವೈದ್ಯರು ಹೇಳಿದರು. ಆರು ಗಂಟೆಗಳ ವಿಳಂಬ ಯಾರ ಕೈಯಿಂದ ಆಯಿತೆಂಬುದನ್ನು ಮಾತ್ರ ಹುಡುಕಬೇಕಾಗಿರಲಿಲ್ಲ.

ಒಂದು ಸಂಜೆ ಅಕ್ಕ ಸ್ವಲ್ಪ ಗಂಜಿ ಕುಡಿದು ದಿಂಬಿಗೆ ಒರಗಿ ಕುಳಿತಿದ್ದಳು. ನಾನು ಹೇಳಿಬಿಟ್ಟೆ: ‘ಅಕ್ಕ, ನೀನು ಹೇಳಿದ್ದನ್ನ ನಾನು ಕೇಳಲಿಲ್ಲ. ತಪ್ಪಾಯಿತು.’

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: ‘ನಿನಗೆ ಐದು ವರ್ಷ ಇದ್ದಾಗ ಒಂದ್ಸಲ ಜ್ವರ ಬಂದಿತ್ತು, ಜ್ಞಾಪಕ ಇದೆಯೇನೋ? ಕಿವಿಯೊಳಗೆ ಯಾರೋ ಗಂಟೆ ಬಾರಿಸ್ತಾರೆ ಅಂತ ಅಳ್ತಿದ್ದೆ. ಎಲ್ಲರೂ ನಕ್ಕರು. ನಾನು ಎತ್ಕೊಂಡು ದೊಡ್ಡಾಸ್ಪತ್ರೆಗೆ ಓಡಿದೆ. ಕಿವಿಯೊಳಗೆ ಕೀವು ತುಂಬಿತ್ತು. ಹುಚ್ಚುಚ್ಚಾಗಿ ಮಾತಾಡ್ತಾನೆ ಅಂತ ನಾನೂ ನಕ್ಕಿದ್ರೆ ನೀನು ಈಗ ಪಾಠ ಹೇಳೋ ಬದಲು ಕೈಸನ್ನೆ ಮಾಡ್ತಿದ್ದೆ.’

ಇಷ್ಟು ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಹತ್ತೊಂಬತ್ತು ಇಪ್ಪತ್ತರ ಹುಡುಗಿಯೊಬ್ಬಳು ಐದು ವರ್ಷದ ಮಗುವಿನ ತೊದಲು ಮಾತನ್ನು ನಂಬಿದ್ದಳು. ಎಂ.ಎ. ಆದ ನಾನು, ಐವತ್ತು ದಾಟಿದ ಅವಳ ಸ್ಪಷ್ಟವಾದ ಮಾತನ್ನು ನಂಬಲಿಲ್ಲ. ಆದರೆ ಅರ್ಥವಾಗದ ಒಂದು ಅಂಕಿಯನ್ನು ಕಣ್ಣುಮುಚ್ಚಿ ನಂಬಿದೆ.

ಪೋರ್ಟ್ ಉಳಿಯಿತು. ಹದಿನೈದು ದಿನ ತಡವಾದರೂ ಉಳಿದ ಮೂರು ಸರದಿಗಳು ಅದೇ ಕೊಳವೆಯ ಮೂಲಕ ಮುಗಿದವು. ಅಕ್ಕನ ತಲೆಗೂದಲು ಮತ್ತೆ ಬಂದಿದೆ, ಮೊದಲಿಗಿಂತ ಗುಂಗುರಾಗಿ. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತೇವೆ. ಅಚ್ಚುಹಾಕಿದ ಆ ಹಾಳೆ ಈಗ ವಿಮೆಯ ಕಾಗದಗಳ ಜೊತೆಗಿಲ್ಲ. ನೋಟ್ ಪುಸ್ತಕದ ರಟ್ಟಿಗೆ ಅಂಟಿಸಿದ್ದೇನೆ. ನಿಮ್ಮ ಮನೆಯಲ್ಲಿಯೂ ಇಂಥ ಚಿಕಿತ್ಸೆ ಪಡೆಯುತ್ತಿರುವವರು ಇದ್ದರೆ, ಓದುಗರೇ, ಜ್ವರವನ್ನು ಮೊದಲು ಅಳೆಯಿರಿ. ವೈದ್ಯರನ್ನು ಕೇಳದೆ ಮಾತ್ರೆ ಕೊಡಬೇಡಿ. ಬೆಳಗಾಗಲಿ ಎಂದು ಕಾಯಬೇಡಿ.

ಆ ಪುಸ್ತಕದಲ್ಲಿ ಗೆರೆ ಎಳೆದು ನಾಲ್ಕು ಕಲಮುಗಳನ್ನು ಮಾಡಿದ್ದೇನೆ. ತಾರೀಖು, ವೇಳೆ, ಜ್ವರ. ನಾಲ್ಕನೆಯದು ‘ಅಕ್ಕ ಹೇಳಿದ್ದು’. ಮೊದಲ ಮೂರು ಕಲಮುಗಳು ಕಿರಿದಾಗಿವೆ, ನಾಲ್ಕನೆಯದು ಅಗಲವಾಗಿದೆ. ನಿನ್ನೆಯ ದಿನಾಂಕದ ಮುಂದೆ ಜ್ವರ 98.4 ಎಂದೂ, ನಾಲ್ಕನೆಯ ಕಲಮಿನಲ್ಲಿ ‘ಸಾರಿಗೆ ಉಪ್ಪು ಕಡಿಮೆ’ ಎಂದೂ ಬರೆದಿದ್ದೇನೆ.